ಅಧಿಕಾರ ಎಂದರೆ ಕಾವಲು



ಅಧಿಕಾರ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕುರ್ಚಿ, ಕಾರು, ಸಹಿ, ಮೊಹರು. ಶಾಸ್ತ್ರದಲ್ಲಿ ಈ ಶಬ್ದದ ಅರ್ಥವೇ ಬೇರೆ. ವೇದಾಂತದಲ್ಲಿ ಅಧಿಕಾರಿ ಎಂದರೆ ಆ ವಿದ್ಯೆಗೆ ಯೋಗ್ಯನಾದವನು. ಮೊದಲು ಯೋಗ್ಯತೆ, ಆಮೇಲೆ ಅಧಿಕಾರ. ನಾವೋ ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಕುರ್ಚಿ ಸಿಕ್ಕಿದರೆ ಯೋಗ್ಯತೆ ತಾನಾಗಿ ಬಂತು ಅಂತ ತಿಳಿಯುತ್ತೇವೆ.

ರಾಜನ ಅಧಿಕಾರ ದೊಡ್ಡದೋ, ಗುರುಪೀಠದ ಅಧಿಕಾರ ದೊಡ್ಡದೋ? ಈ ಪ್ರಶ್ನೆಗೆ ನಮ್ಮ ನಾಡಿನ ಒಂದು ಕಲ್ಲು ಉತ್ತರ ಹೇಳುತ್ತದೆ. ಅದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ. ಆಗ ವಿಜಯನಗರವನ್ನು ಆಳುತ್ತಿದ್ದವನು ಬುಕ್ಕರಾಯ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಅರಿಕೆ ಮಾಡಿಕೊಂಡರು.

ಅರಸ ಏನು ಮಾಡಿದ? ದಂಡು ಕಳಿಸಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರವರೆಗೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಸೇರಿಸಿದ. ಜೈನರ ಕೈ ಹಿಡಿದು ಅವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು, ಅವರಿಗಾದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಎಣಿಸಬೇಕು ಎಂದು ಕಟ್ಟು ಮಾಡಿದ.

ಮುಂದಿನದು ಇನ್ನೂ ಸ್ವಾರಸ್ಯ. ಜೈನರು ಮನೆಗೆ ವರ್ಷಕ್ಕೆ 1 ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನವರು ಆ ಹಣದಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಕಾವಲುಗಾರರನ್ನು ನೇಮಿಸಬೇಕು. ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ನೋಡಿ, ಯಾರ ಮೇಲೆ ದೂರು ಬಂದಿತ್ತೋ ಅವರನ್ನೇ ಕಾವಲಿಗೆ ನಿಲ್ಲಿಸಿದ! ಸೋತವರಿಲ್ಲ, ಗೆದ್ದವರಿಲ್ಲ, ಹೊಣೆ ಮಾತ್ರ ಬಂತು.

ಈ ಧರ್ಮವನ್ನು ಕೆಡಿಸಿದವನು ತಪಸ್ವಿಯಾದರೂ ಸರಿ, ಊರ ಮುಖ್ಯಸ್ಥನಾದರೂ ಸರಿ, ಒಂದೇ ಪಾಪಕ್ಕೆ ಗುರಿ ಎನ್ನುತ್ತದೆ ಶಾಸನ. ಅಂದರೆ ಕಾವಿಗೂ ವಿನಾಯಿತಿಯಿಲ್ಲ, ಗದ್ದುಗೆಗೂ ವಿನಾಯಿತಿಯಿಲ್ಲ. ಇನ್ನು ಆ ಅರಸರೋ, ತಮ್ಮ ಅನೇಕ ಶಾಸನಗಳ ಕೊನೆಗೆ ಸ್ವಂತ ಹೆಸರು ಹಾಕದೆ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕುತ್ತಿದ್ದರು. ರಾಜ್ಯ ದೇವರದು, ತಾವು ಬರೀ ಕಾವಲುಗಾರರು ಎಂಬ ಭಾವ.

ಈಗ ರಾಜರಿಲ್ಲ. 1950ರಿಂದ ಸಂವಿಧಾನ ಬಂದಿದೆ, ಆಳುವವರನ್ನು ನಾವೇ ಆರಿಸುತ್ತೇವೆ. ಆದರೆ ಅಧಿಕಾರ ಎಲ್ಲರ ಕೈಯಲ್ಲೂ ಅಷ್ಟಿಷ್ಟು ಇದ್ದೇ ಇದೆ. ಮನೆಯಲ್ಲಿ ಯಜಮಾನನಿಗೆ, ಪಂಚಾಯಿತಿಯಲ್ಲಿ ಸದಸ್ಯನಿಗೆ, ದೇವಸ್ಥಾನದಲ್ಲಿ ಬೀಗದ ಕೈ ಇಟ್ಟುಕೊಂಡವನಿಗೆ. ಬೀಗದ ಕೈ ಇರುವವನು ಬಾಗಿಲಿನ ಒಡೆಯನಲ್ಲ. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯಬೇಕಾದವನು, ಅಷ್ಟೆ. ಪರಿಚಯದವರನ್ನು ಮುಂದೆ ಬಿಟ್ಟು, ಮೆಟ್ಟಿಲು ಹತ್ತಿ ಬಂದ ಮುದುಕಿಯನ್ನು ಹಿಂದೆ ತಳ್ಳಿದರೆ ಆ ಅಧಿಕಾರ ಅಲ್ಲಿಗೇ ಮುಗಿಯಿತು; ಕುರ್ಚಿ ಉಳಿದರೂ ಯೋಗ್ಯತೆ ಹೋಯಿತು.

ಆದ್ದರಿಂದ ಬೆಟ್ಟ ಇಳಿಯುವ ಮುಂಚೆ ಒಂದು ಕ್ಷಣ ನಿಂತು ಯೋಚಿಸಿ. ನನ್ನ ಕೈಯಲ್ಲಿ ಯಾರ ಕೈ ಇಡಲ್ಪಟ್ಟಿದೆ? ಅದನ್ನು ನಾನು ಕಾಯುತ್ತಿದ್ದೇನೆಯೇ, ತಿರುಚುತ್ತಿದ್ದೇನೆಯೇ?

ಕಾಯುವ ಬುದ್ಧಿಯನ್ನು ಭಗವಂತ ಎಲ್ಲರಿಗೂ ಕರುಣಿಸಲಿ. ಶುಭಮಸ್ತು.