ಐದನೆಯದೋ, ಮೊದಲನೆಯದೋ?

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಫುಟ್‌ಬಾಲಿನ ಸಂತೋಷ್ ಟ್ರೋಫಿ ಗೆದ್ದಿತು. ಐದನೇ ಸಲ ಎಂದು ದಾಖಲೆ ಹೇಳುತ್ತದೆ. ಕರ್ನಾಟಕ ಎಂಬ ಹೆಸರಿನಲ್ಲಿ ಗೆದ್ದದ್ದು ಮಾತ್ರ ಅದೇ ಮೊದಲು. ಹಿಂದಿನ ನಾಲ್ಕೂ (1946-47, 1952-53, 1967-68, 1968-69) ಮೈಸೂರಿನವು.

ಕೊನೆಯ ಎರಡರ ಬಗ್ಗೆ ತಕರಾರಿಲ್ಲ. ಗಡಿ ಅದೇ, 1973ರಲ್ಲಿ ಬದಲಾದದ್ದು ಹೆಸರಷ್ಟೇ. 1946ರದು ಬೇರೆಯೇ ಮೈಸೂರು, ಮಹಾರಾಜರ ಸಂಸ್ಥಾನ. ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದಲ್ಲಿ, ಕಲಬುರಗಿ ನಿಜಾಮನ ಕೈಯಲ್ಲಿ, ಮಂಗಳೂರು ಮದರಾಸಿನಲ್ಲಿ.

ಚೆನ್ನೈನಲ್ಲಿ ಕೂತು ಲೆಕ್ಕ ಹಾಕಿದರೆ ಇನ್ನೂ ತಮಾಷೆ. ತಮಿಳುನಾಡು ತನ್ನದೆನ್ನುವ ಎರಡು ರಣಜಿ ಪ್ರಶಸ್ತಿಗಳಲ್ಲಿ ಮೊದಲನೆಯದು, 1954-55ರದು, ಮದರಾಸು ತಂಡ ಗೆದ್ದದ್ದು. ಆ ವರ್ಷ ಮಂಗಳೂರು ಮದರಾಸು ರಾಜ್ಯದಲ್ಲೇ ಇತ್ತು. ಹಾಗಾದರೆ ಮಂಗಳೂರಿಗರಿಗೂ ಅದರಲ್ಲಿ ಪಾಲುಂಟೇ? ಚೆಪಾಕ್‌ನಲ್ಲಿ ಕೇಳಿದರೆ ನಗುತ್ತಾರೆ. ಮಂಗಳೂರಿನಲ್ಲೂ ನಗುತ್ತಾರೆ.

ಗೆಲುವಿಗೆ ವಾರಸುದಾರರಾಗುವುದು ತಪ್ಪೇನಲ್ಲ. ನನ್ನನ್ನು ಕಾಡುವುದು ಸೋಲುಗಳು. 1941-42ರಲ್ಲೂ 1959-60ರಲ್ಲೂ ರಣಜಿ ಫೈನಲ್‌ನಲ್ಲಿ ಮೈಸೂರು ಮುಂಬಯಿಗೆ ಸೋತಿತು. ಅವು ಕರ್ನಾಟಕದ ಸೋಲುಗಳೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಪ್ಪನ ಹೊಲ ಬೇಕು, ಅದರ ಮೇಲಿನ ಸಾಲ ಬೇಡ ಎಂದರೆ ಊರ ಪಂಚಾಯ್ತಿಯಲ್ಲೂ ನಡೆಯದು.

ಐದು ಎಂದೇ ಎಣಿಸೋಣ, ಸೋಲುಗಳನ್ನೂ ಜೊತೆಗೆ ಬರೆದುಕೊಂಡು. ನಾಲ್ಕರ ಪಕ್ಕದಲ್ಲಿ ಮೈಸೂರು ಎಂದೂ ಇರಲಿ. 1946ರಲ್ಲಿ ಆಡಿದವರಿಗೆ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ.