ಸಿಗದವರು ಎಲ್ಲಿ ಬರೆಯಬೇಕು?

ಪ್ರತಿ ಬುಧವಾರ ಸಂಜೆ ನಮ್ಮ ಧರ್ಮಕೇಂದ್ರದಲ್ಲಿ ನಿತ್ಯಾಧಾರ ಮಾತೆಯ ನವೇನ ನಡೆಯುತ್ತದೆ. ಮಾತೆಯ ಚಿತ್ರದ ಕೆಳಗೆ ಒಂದು ಮರದ ಪೆಟ್ಟಿಗೆ ಇದೆ. ಕೋರಿಕೆಯ ಚೀಟಿಗಳೂ ಕೃತಜ್ಞತೆಯ ಪತ್ರಗಳೂ ಅದರಲ್ಲೇ ಬೀಳುತ್ತವೆ. ಕೊನೆಯ ಆಶೀರ್ವಾದಕ್ಕೆ ಮುಂಚೆ ಮೂರು ನಾಲ್ಕು ಕೃತಜ್ಞತಾ ಪತ್ರಗಳನ್ನು ನಾನು ಓದಿ ಹೇಳುತ್ತೇನೆ. ಮಗಳು ಪರೀಕ್ಷೆಯಲ್ಲಿ ಪಾಸಾದಳು, ದುಬೈಗೆ ವೀಸಾ ಬಂತು, ಹತ್ತು ವರ್ಷದ ನಂತರ ಮಡಿಲು ತುಂಬಿತು, ಗಡ್ಡೆ ಕ್ಯಾನ್ಸರ್ ಅಲ್ಲವೆಂದು ವೈದ್ಯರು ಹೇಳಿದರು. ಜನ ಸಂತೋಷದಿಂದ ಕೇಳುತ್ತಾರೆ. ನನಗೂ ಓದುವುದು ಸಂತೋಷವೇ.

ಒಂದು ಬುಧವಾರ ಪ್ರಾರ್ಥನೆ ಮುಗಿಸಿ ಉಡುಪು ಕಳಚಿ ಹೊರಗೆ ಬಂದಾಗ ಒಬ್ಬ ತಾಯಿ ಬಾಗಿಲಲ್ಲಿ ನಿಂತಿದ್ದರು. "ಸ್ವಾಮಿ, ಸಿಕ್ಕಿದವರು ಪತ್ರ ಬರೆಯುತ್ತಾರೆ, ನೀವು ಓದುತ್ತೀರಿ. ಸಿಗದವರು ಎಲ್ಲಿ ಬರೆಯಬೇಕು?" ಎಂದರು. ಕೋಪದಿಂದ ಕೇಳಲಿಲ್ಲ. ವಿಳಾಸ ಕೇಳುವವರ ಹಾಗೆ ಕೇಳಿದರು.

ಅವರಿಗೆ ಒಬ್ಬನೇ ಮಗ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ, ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆದ. 11 ದಿನ ಆಸ್ಪತ್ರೆಯಲ್ಲಿದ್ದ. ಆ 11 ದಿನವೂ ಅವರ ಮನೆಯಲ್ಲಿ ಜಪಸರ ನಿಲ್ಲಲಿಲ್ಲ. ದೋರನಹಳ್ಳಿಯ ಸಂತ ಅಂತೋಣಿಯವರಿಗೆ ಹರಕೆ ಹೊತ್ತರು. ಊರಿನವರೆಲ್ಲ ಬಲಿಪೂಜೆಯಲ್ಲಿ ಅವನಿಗಾಗಿ ಬೇಡಿದರು. ನಾನೇ ಹೋಗಿ ಅವನಿಗೆ ವ್ಯಾಧಿಸ್ಥರ ಅಭ್ಯಂಗ ನೀಡಿ ಬಂದೆ. 12ನೆಯ ದಿನ ಅವನನ್ನು ಮಣ್ಣು ಮಾಡಿದೆವು.

ಆ ದಿನದ ಪ್ರಬೋಧನೆಯಲ್ಲಿ ನಾನು, ದೇವರು ತನ್ನ ತೋಟಕ್ಕೆ ಚೆಂದದ ಹೂವನ್ನೇ ಆರಿಸಿಕೊಳ್ಳುತ್ತಾನೆ ಎಂದು ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹೇಳಲು ಬೇರೇನೂ ತೋಚದಾಗ ಗುರುಗಳು ಹೇಳುವ ಮಾತದು. ಅದು ನಿಜವಾದರೆ ದೇವರು ಒಬ್ಬ ತಾಯಿಯ ಅಂಗಳದಿಂದ ಹೂವು ಕದಿಯುವವನಾಗುತ್ತಾನೆ. ಇದಕ್ಕಿಂತ ಕೆಟ್ಟದ್ದನ್ನು ನೆರೆಮನೆಯವರೊಬ್ಬರು ಹೇಳಿದರಂತೆ: "ನಿಮ್ಮ ವಿಶ್ವಾಸ ಸಾಲಲಿಲ್ಲ, ಅದಕ್ಕೇ ಹೀಗಾಯಿತು." ಮಗನನ್ನು ಕಳೆದುಕೊಂಡ ತಾಯಿಯ ತಲೆಯ ಮೇಲೆ ಮಗನ ಸಾವಿನ ಹೊಣೆಯನ್ನೂ ಹೊರಿಸಿದಂತಾಯಿತು.

ಎಲ್ಲ ಪ್ರಾರ್ಥನೆಯೂ ನೇರವಾದ ಪ್ರಾರ್ಥನೆ ಎಂದು ನಾನು ಹೇಳುವುದಿಲ್ಲ. ಅಣ್ಣತಮ್ಮಂದಿರಿಬ್ಬರು ಹೊಲದ ಬದುವಿಗಾಗಿ ಕೋರ್ಟಿಗೆ ಹೋಗಿದ್ದು, ಇಬ್ಬರೂ ತಮಗೇ ಜಯ ಸಿಗಲೆಂದು ಅದೇ ಮರದ ಪೆಟ್ಟಿಗೆಗೆ ಚೀಟಿ ಹಾಕಿದ್ದನ್ನು ನಾನು ಕಂಡಿದ್ದೇನೆ. (ಮಾತೆ ಮರಿಯಮ್ಮನವರಿಗೆ ಎಂಥ ಸಂಕಟ!) ಭೋಗಕ್ಕಾಗಿ ಬೇಡಿ ಸಿಗಲಿಲ್ಲವೆಂದು ಗೊಣಗುವವರನ್ನು ಸಂತ ಯಕೋಬರ ಪತ್ರ ನೇರವಾಗಿಯೇ ಗದರಿಸುತ್ತದೆ. ಆದರೆ ಮಗ ಬದುಕಲಿ ಎಂದು ಬೇಡುವ ತಾಯಿಗೆ ಆ ವಾಕ್ಯವನ್ನು ತೋರಿಸಲು ಯಾರಿಗೆ ಬಾಯಿ ಬರುತ್ತದೆ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಾವು ಈ ವಿಷಯವನ್ನು ಬೇರೊಂದು ಕಡೆಯಿಂದ ಚರ್ಚಿಸುತ್ತಿದ್ದೆವು. ದೇವರಿಗೆ ಎಲ್ಲವೂ ಮೊದಲೇ ತಿಳಿದಿರುವಾಗ ನಾವು ಬೇಡುವುದೇಕೆ? ದೇವರ ಮನಸ್ಸನ್ನು ಬದಲಿಸಲು ನಾವು ಪ್ರಾರ್ಥಿಸುವುದಿಲ್ಲ ಎಂದು ಸಂತ ಥಾಮಸ್ ಅಕ್ವಿನಾಸ್ ತಮ್ಮ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಉತ್ತರಿಸುತ್ತಾರೆ. ದೇವರು ಫಲವನ್ನು ಮಾತ್ರವಲ್ಲ, ಆ ಫಲಕ್ಕೆ ಹೋಗುವ ದಾರಿಯನ್ನೂ ಏರ್ಪಡಿಸಿದ್ದಾನೆ, ನಮ್ಮ ಪ್ರಾರ್ಥನೆ ಆ ದಾರಿಗಳಲ್ಲೊಂದು ಎಂಬುದು ಅವರ ವಾದ. ಬೆಳೆ ಕೊಡುವವನು ದೇವರೇ ಎಂದು ರೈತ ರಾಗಿ ಬಿತ್ತುವುದನ್ನು ಬಿಡುವುದಿಲ್ಲವಲ್ಲ, ಹಾಗೆ. ಏಕೆ ಬೇಡಬೇಕು ಎಂಬ ಪ್ರಶ್ನೆಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಓದಿಲ್ಲ. ಆದರೆ ಬಿತ್ತಿದ್ದು ಏಕೆ ಹುಟ್ಟಲಿಲ್ಲ ಎಂದು ಕೇಳುವವರಿಗೆ ಇದು ಉತ್ತರವಲ್ಲ.

ಅಂಥವರಿಗೆ ನಾವು ಗುರುಗಳು ಸಾಮಾನ್ಯವಾಗಿ ಸಂತ ಮೋನಿಕರ ಕಥೆ ಹೇಳುತ್ತೇವೆ. ಕ್ರಿ.ಶ. 383ರಲ್ಲಿ ಅವರ ಮಗ ಅಗಸ್ಟೀನ್ ಕಾರ್ತೇಜ್ ಬಿಟ್ಟು ರೋಮಿಗೆ ಹೊರಟ. ತಾಯಿ ಸಮುದ್ರದ ದಡದವರೆಗೂ ಬಂದು ಬಿಡದೆ ಹಿಡಿದುಕೊಂಡರು. ಸ್ನೇಹಿತನನ್ನು ಬೀಳ್ಕೊಟ್ಟು ಬರುತ್ತೇನೆಂದು ಸುಳ್ಳು ಹೇಳಿ, ಅಲ್ಲೇ ಇದ್ದ ಸಂತ ಸಿಪ್ರಿಯಾನರ ಗುಡಿಯಲ್ಲಿ ರಾತ್ರಿ ಕಳೆಯುವಂತೆ ಅವರನ್ನು ಒಪ್ಪಿಸಿ, ಮಗ ಹಡಗು ಹತ್ತಿಬಿಟ್ಟ. ಮಗ ಹೋಗದಿರಲಿ ಎಂದು ತಾಯಿ ಇರುಳೆಲ್ಲ ಅತ್ತು ಬೇಡಿದರು. ಬೆಳಿಗ್ಗೆ ನೋಡಿದರೆ ಹಡಗು ಇರಲಿಲ್ಲ. ಆದರೆ ಹಾಗೆ ಹೋದ ಮಗ ಮಿಲಾನಿನಲ್ಲಿ ಸಂತ ಆಂಬ್ರೋಸರ ಬೋಧನೆ ಕೇಳಿದ. 387ರ ಪಾಸ್ಖ ಜಾಗರಣೆಯಲ್ಲಿ ಅವರ ಕೈಯಿಂದಲೇ ದೀಕ್ಷಾಸ್ನಾನ ಪಡೆದ. ತಾಯಿ ಆ ರಾತ್ರಿ ಬೇಡಿದ್ದನ್ನು ದೇವರು ಕೊಡಲಿಲ್ಲ, ಎಷ್ಟೋ ವರ್ಷಗಳಿಂದ ಬೇಡುತ್ತಿದ್ದುದನ್ನು ಕೊಡುವ ಸಲುವಾಗಿಯೇ ಕೊಡಲಿಲ್ಲ ಎಂದು ಮುಂದೆ ಅಗಸ್ಟೀನರೇ ತಮ್ಮ 'ಕನ್ಫೆಷನ್ಸ್' ಗ್ರಂಥದಲ್ಲಿ ವಿವರಿಸಿದ್ದಾರೆ.

ಸತ್ಯವಾದ ಕಥೆ, ಸುಂದರವಾದ ಕಥೆ. ಆದರೆ ಇದರ ಕೊನೆ ಸುಖಾಂತ್ಯವಾದ್ದರಿಂದ ನಾವು ಇದನ್ನೇ ಹೇಳುತ್ತೇವೆ. ಅದೇ ರಾತ್ರಿ ಅಗಸ್ಟೀನರ ಜೊತೆ ಅವರ ಮಗ ಅದೆಯೊದಾತುಸನೂ ದೀಕ್ಷಾಸ್ನಾನ ಪಡೆದ. ಸುಮಾರು 15 ವರ್ಷದ, ತಂದೆಗೇ ಬೆರಗು ಹುಟ್ಟಿಸುವಷ್ಟು ಬುದ್ಧಿವಂತ ಹುಡುಗ. ಕೆಲವೇ ವರ್ಷಗಳಲ್ಲಿ ತೀರಿಕೊಂಡ. ತಾಯಿಯ ಪ್ರಾರ್ಥನೆಗೆ ಅಷ್ಟು ಚೆನ್ನಾಗಿ ಅರ್ಥ ಹೇಳಿದ ಅಗಸ್ಟೀನರು ಮಗನ ಸಾವಿಗೆ ಕಾರಣ ಹುಡುಕುವ ಗೋಜಿಗೆ ಹೋಗಲಿಲ್ಲ. ಅವನು ದೇವರಲ್ಲಿದ್ದಾನೆ, ಅವನ ಬಗ್ಗೆ ತನಗೆ ಅಂಜಿಕೆಯಿಲ್ಲ ಎಂಬರ್ಥದ ಒಂದೆರಡು ಮಾತು ಬರೆದು ಮುಂದೆ ಹೋಗುತ್ತಾರೆ. ಧರ್ಮಸಭೆಯ ಅಷ್ಟು ದೊಡ್ಡ ಪಂಡಿತರೇ ಸುಮ್ಮನಾದ ಕಡೆ ನನ್ನಂಥವನು ಹೂವು ತೋಟ ಎಂದು ಮಾತು ಬೆಳೆಸಬಾರದಿತ್ತು.

'ಎಲ್ಲ ದೇವರ ಚಿತ್ತ' ಎಂಬ ಮಾತನ್ನೂ ನಾವು ಎಚ್ಚರದಿಂದ ಆಡಬೇಕು. ನಮ್ಮ ಬಾಯಲ್ಲಿ ಅದು ಎಷ್ಟೋ ಸಲ 'ಹಣೆಬರಹ' ಎನ್ನುವುದರ ಇನ್ನೊಂದು ರೂಪ ಅಷ್ಟೆ. ಕತ್ತಲಲ್ಲಿ ದೀಪವಿಲ್ಲದ ಟ್ರ್ಯಾಕ್ಟರನ್ನು ರಸ್ತೆಯಲ್ಲಿ ನಿಲ್ಲಿಸಿದ್ದು ಮನುಷ್ಯನ ಅಲಕ್ಷ್ಯ, ದೇವರ ಚಿತ್ತವಲ್ಲ. ದೇವರು ಕೆಡುಕಿಗೆ ಅವಕಾಶ ಕೊಡುತ್ತಾನೆಯೇ ಹೊರತು ಮನುಷ್ಯನ ತಪ್ಪಿಗೆ ಆತ ಯಾವ ರೀತಿಯಲ್ಲೂ ಕಾರಣನಲ್ಲ ಎಂದು ಧರ್ಮಸಭೆ ಕಲಿಸುತ್ತದೆ. ಏಕೆ ಅವಕಾಶ ಕೊಡುತ್ತಾನೆ ಎಂಬುದು ಈ ಲೋಕದಲ್ಲಿ ನಮಗೆ ಪೂರ್ತಿ ತಿಳಿಯುವುದಿಲ್ಲ.

ಇನ್ನು ವಿಶ್ವಾಸ ಸಾಲಲಿಲ್ಲ ಎಂಬ ಮಾತು. ಗೆತ್ಸೆಮನೆ ತೋಪಿನಲ್ಲಿ ಪ್ರಭು ಯೇಸು ನೆಲಕ್ಕೆ ಬಿದ್ದು, ಈ ಪಾತ್ರೆ ತನ್ನಿಂದ ದೂರವಾಗಲಿ ಎಂದು ಮತ್ತೆ ಮತ್ತೆ ಪಿತನನ್ನು ಬೇಡಿಕೊಂಡರು. ದೂರವಾಗಲಿಲ್ಲ. ಮರುದಿನ ಮಧ್ಯಾಹ್ನ ಸುಮಾರು ಮೂರು ಗಂಟೆಗೆಲ್ಲ ಅವರು ಶಿಲುಬೆಯ ಮೇಲೆ ಪ್ರಾಣಬಿಟ್ಟಿದ್ದರು. ಬೇಡಿದ್ದು ಸಿಗದಿರುವುದು ವಿಶ್ವಾಸದ ಕೊರತೆಯ ಗುರುತಾದರೆ, ಆ ಗುರುವಾರದ ರಾತ್ರಿ ಯಾರ ವಿಶ್ವಾಸ ಸಾಲಲಿಲ್ಲ? ಇದನ್ನು ಯೋಚಿಸಿದ ಕ್ರೈಸ್ತರು ಯಾರೂ ಆ ಮಾತನ್ನು ದುಃಖದಲ್ಲಿರುವ ಮನೆಯ ಹೊಸ್ತಿಲಲ್ಲಿ ಆಡಲಾರರು.

ಇಲ್ಲಿ ಒಂದು ವಿಷಯ ನನ್ನನ್ನು ಬಹುಕಾಲ ಕಾಡಿದೆ. ಹಿಬ್ರಿಯರಿಗೆ ಬರೆದ ಪತ್ರದ 5ನೆಯ ಅಧ್ಯಾಯವು, ಮರಣದಿಂದ ಬಿಡಿಸಬಲ್ಲ ದೇವರಿಗೆ ಯೇಸು ಕಣ್ಣೀರಿಟ್ಟು ಮೊರೆಯಿಟ್ಟರು, ಆ ಮೊರೆಯನ್ನು ದೇವರು ಆಲಿಸಿದರು ಎನ್ನುತ್ತದೆ. ಆಲಿಸಿದರೇ? ಶುಕ್ರವಾರ ಅವರು ಸತ್ತರಲ್ಲ! ಆ ಪತ್ರ ಬರೆದವರಿಗೆ ಇದು ತಿಳಿಯದ ವಿಷಯವೇನಲ್ಲ. ಅಂದ ಮೇಲೆ, ಆಲಿಸುವುದು ಬೇರೆ, ಕೇಳಿದ್ದನ್ನು ಕೇಳಿದ ಹಾಗೆಯೇ ಕೊಡುವುದು ಬೇರೆ ಎಂದಾಯಿತು. ಪಾತ್ರೆಯನ್ನು ಪಿತನು ತೆಗೆದುಹಾಕಲಿಲ್ಲ. ಕುಡಿಯುವಾಗ ಕೈಬಿಡಲೂ ಇಲ್ಲ. ಮರಣದಿಂದ ಬಿಡಿಸಿದ್ದು ಮರಣದ ಈಚೆಗಲ್ಲ, ಮರಣದ ಆಚೆಗೆ, ಮೂರನೆಯ ದಿನ. ನಮ್ಮ ಸತ್ತವರ ವಿಷಯದಲ್ಲಿ ನಾವಿನ್ನೂ ಆ ಶುಕ್ರವಾರಕ್ಕೂ ಭಾನುವಾರಕ್ಕೂ ನಡುವಿನ ಶನಿವಾರದಲ್ಲಿದ್ದೇವೆ. ಆ ಭಾನುವಾರವನ್ನು ನಾವು ನಂಬುತ್ತೇವೆ, ಇನ್ನೂ ಕಂಡಿಲ್ಲ. ಕಾಣದವರು ಅಳುವುದು ಅವಿಶ್ವಾಸವಲ್ಲ. ಲಾಜರನನ್ನು ತಾನೇ ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಪ್ರಭುವೇ ಅವನ ಗೋರಿಯ ದಾರಿಯಲ್ಲಿ ಅತ್ತರು.

ಆ ತಾಯಿಗೆ ಇದನ್ನೆಲ್ಲ ನಾನು ಬಾಗಿಲಲ್ಲಿ ನಿಂತು ಹೇಳಲಿಲ್ಲ, ಹೇಳುವ ಹೊತ್ತೂ ಅದಾಗಿರಲಿಲ್ಲ. ಅವರ ಪ್ರಶ್ನೆ ಬಹಳ ಸರಳವಾಗಿತ್ತು: ಎಲ್ಲಿ ಬರೆಯಬೇಕು? ಆಗ ನೆನಪಾದದ್ದು 88ನೆಯ ಕೀರ್ತನೆ. ಗುರುಗಳೂ ಕನ್ಯಾಸ್ತ್ರೀಯರೂ ಪ್ರತಿ ಶುಕ್ರವಾರ ಮಲಗುವ ಮುನ್ನ ಹೇಳುವ ರಾತ್ರಿ ಪ್ರಾರ್ಥನೆಯಲ್ಲಿ ಅದು ಬರುತ್ತದೆ. ಗೋಳಿನ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಕೊನೆಗೆ ಭರವಸೆಗೋ ಸ್ತುತಿಗೋ ತಿರುಗುತ್ತವೆ. ಇದು ತಿರುಗುವುದಿಲ್ಲ. ಹಗಲೂ ರಾತ್ರಿಯೂ ಕೂಗಿದ ಒಬ್ಬ ಮನುಷ್ಯ, ದೇವರು ಮುಖ ಮರೆಸಿಕೊಂಡದ್ದೇಕೆ ಎಂದು ಕೇಳಿ, ಕತ್ತಲೆಯ ಮಾತಿನಲ್ಲೇ ಮುಗಿಸುತ್ತಾನೆ. ದೇವರ ಮೇಲೆ ದೂರು ಅದು, ಆದರೆ ದೇವರಿಗೇ ಕೊಟ್ಟ ದೂರು. ಅದನ್ನು ಯಾರೂ ತೆಗೆದುಹಾಕಲಿಲ್ಲ, ಕೊನೆಗೊಂದು ಅಲ್ಲೆಲೂಯ ಸೇರಿಸಿ ತಿದ್ದಲಿಲ್ಲ. ಸಿಗದವರ ಪತ್ರವನ್ನು ಧರ್ಮಸಭೆ ದೇವರ ವಾಕ್ಯವೆಂದೇ ಓದುತ್ತಾ ಬಂದಿದೆ.

ಒಳಗೆ ಕರೆದು ಕೂರಿಸಿ, ಬೈಬಲಿನಲ್ಲಿ ಆ ಪುಟ ತೆಗೆದುಕೊಟ್ಟೆ. ಅವರು ನಿಧಾನವಾಗಿ, ಬೆರಳಿಟ್ಟು ಓದಿದರು. ಮುಗಿದ ಮೇಲೆ ಹಾಳೆ ಮಗುಚಿ ನೋಡಿ, "ಇಷ್ಟೇನಾ ಸ್ವಾಮಿ?" ಎಂದರು.

"ಇಷ್ಟೇ ಅಮ್ಮ."

"ಹಂಗಾದ್ರೆ ಇವರಿಗೂ ಸಿಕ್ಕಿಲ್ಲ," ಎಂದು ಹೇಳಿ ಇನ್ನೊಂದು ಸಲ ಮೊದಲಿನಿಂದ ಓದಿದರು.

ಮೃತ ವಿಶ್ವಾಸಿಗಳ ತಿಂಗಳಾದ ನವೆಂಬರಿನಿಂದ ನಮ್ಮ ನವೇನದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇವೆ. ಕೃತಜ್ಞತಾ ಪತ್ರಗಳನ್ನು ಓದಿದ ಮೇಲೆ, ಪತ್ರ ಬರೆಯಲು ಏನೂ ಇಲ್ಲದವರ ಸಲುವಾಗಿ ಎರಡು ನಿಮಿಷ ಎಲ್ಲರೂ ಮೊಣಕಾಲೂರಿ ಮೌನವಾಗಿರುತ್ತೇವೆ. ತಿಂಗಳ ಮೊದಲ ಬುಧವಾರ ಆ ಕೀರ್ತನೆಯನ್ನು ಓದುತ್ತೇವೆ. ನವೇನ ಸಪ್ಪೆಯಾಯಿತು ಎಂದು ಕೆಲವರು ಹೇಳಿದ್ದೂ ಉಂಟು. ಆ ತಾಯಿ ಈಗಲೂ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಪೆಟ್ಟಿಗೆಗೆ ಇನ್ನೂ ಚೀಟಿ ಹಾಕಿಲ್ಲ.