ವಜ್ರ, ಬೆಣಚುಕಲ್ಲು ಮತ್ತು ಬೆಲೆಯ ಧರ್ಮ



ಮುಂಗಾರಿನ ಮೊದಲ ಮಳೆ ಬಿದ್ದು ಮೇಲ್ಮಣ್ಣು ತೊಳೆದುಹೋದೊಡನೆ ತುಗ್ಗಲಿ, ಜೊನ್ನಗಿರಿ, ಪಗಿಡಿರಾಯಿ ಕಡೆಯ ಹೊಲಗಳಲ್ಲಿ ಜನರು ತಲೆ ಬಗ್ಗಿಸಿ ವಜ್ರ ಹುಡುಕುವುದು ನಮ್ಮ ಭಾಗದವರೆಲ್ಲರೂ ಬಲ್ಲ ಸಂಗತಿ. ಸಿಗುವವರು ಬೆರಳೆಣಿಕೆಯಷ್ಟು. ಉಳಿದವರು ಉಡಿ ತುಂಬ ತರುವುದು ಬಹುತೇಕ ಬೆಣಚುಕಲ್ಲೇ.

ಎರಡನ್ನೂ ಅಂಗೈಯಲ್ಲಿಟ್ಟರೆ ಬೆಣಚುಕಲ್ಲೇ ಹೆಚ್ಚು ಚೆನ್ನಾಗಿ ಕಂಡರೂ ಆಶ್ಚರ್ಯವಿಲ್ಲ. ಹರಳುಗಟ್ಟಿದ ಶುಭ್ರ ಬೆಣಚುಕಲ್ಲೇ ನಾವು ಸ್ಫಟಿಕವೆಂದು ಗೌರವಿಸುವ ಕಲ್ಲು. ಕಡೆಯದ ವಜ್ರವಾದರೋ ಅನೇಕ ವೇಳೆ ಜಿಡ್ಡು ಸವರಿದಂತೆ ಮಂಕಾಗಿರುತ್ತದೆ. ಆದರೆ ಗುಣ ಬೇರೆ. ಗಡಸುತನದ ಅಳತೆಯಲ್ಲಿ ಬೆಣಚುಕಲ್ಲು 7, ವಜ್ರ 10. ವಜ್ರವು ಬೆಣಚುಕಲ್ಲನ್ನು ಗೀರುತ್ತದೆ, ಬೆಣಚುಕಲ್ಲು ವಜ್ರವನ್ನು ಗೀರಲಾರದು. ನೀರಿಗಿಂತ ಬೆಣಚುಕಲ್ಲು 2.65 ಪಟ್ಟು ತೂಕ, ವಜ್ರ 3.52 ಪಟ್ಟು. ಬಾಯಿಯ ಆವಿ ಊದಿದರೆ ವಜ್ರದ ಮೇಲಿನ ಮಂಜು ಬೇಗನೆ ಮಾಯವಾಗುತ್ತದೆ, ಏಕೆಂದರೆ ಶಾಖವನ್ನು ಅದು ಅತಿ ವೇಗವಾಗಿ ಹರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸುತ್ತಿಗೆಯಿಂದ ಹೊಡೆದರೂ ಒಡೆಯದಿದ್ದರೆ ಮಾತ್ರ ವಜ್ರ ಎಂಬ ನಂಬಿಕೆ ಶುದ್ಧ ತಪ್ಪು. ಗೀರು ಬೀಳದಿರುವುದು ಬೇರೆ, ಪೆಟ್ಟು ತಾಳುವುದು ಬೇರೆ. ವಜ್ರಕ್ಕೆ ನಾಲ್ಕು ದಿಕ್ಕುಗಳಲ್ಲಿ ನುಣುಪಾಗಿ ಸೀಳುವ ಗುಣವಿದೆ. ಸರಿಯಾದ ಜಾಗಕ್ಕೆ ಪೆಟ್ಟು ಬಿದ್ದರೆ ಹೋಳಾಗುತ್ತದೆ. ಪರೀಕ್ಷೆಯ ಹೆಸರಿನಲ್ಲಿ ಸಿಕ್ಕ ಭಾಗ್ಯವನ್ನು ಕುಟ್ಟಿ ಕಳೆದುಕೊಳ್ಳಬೇಡಿ.

ಈಗ ಮುಖ್ಯ ಪ್ರಶ್ನೆ. ಈ ಗುಣಗಳನ್ನು ಬಲ್ಲವನು ಕೊಳ್ಳುವವನು, ಅರಿಯದವನು ಕೂಲಿಯಾಳು. "ಇದು ಬರೀ ಬೆಣಚುಕಲ್ಲು" ಎಂದು ಹೇಳಿ ವಜ್ರ ಪಡೆದರೆ ಅದು ಕಳವೆಂದು ಯಾರೂ ಒಪ್ಪುತ್ತಾರೆ. ಏನೂ ಹೇಳದೆ, ಆತ ಕೇಳಿದಷ್ಟನ್ನೇ ಕೊಟ್ಟು ಪಡೆದರೆ? ವ್ಯಾಪಾರಸ್ಥ ಭಕ್ತರು ಹೇಳುವುದುಂಟು: ನಮ್ಮ ತಿಳಿವಳಿಕೆಗೂ ಬೆಲೆಯಿದೆ, ಒಳಗೆ ಬಿರುಕಿದ್ದರೆ ನಷ್ಟವೂ ನಮ್ಮದೇ. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ತಿಳಿವಳಿಕೆಯೂ ಕಾಯಕವೇ, ಅದಕ್ಕೆ ಪ್ರತಿಫಲ ಸಲ್ಲಬೇಕು. ಆದರೆ ಆದವಾನಿಯ ಹತ್ತಿ ಮಾರುಕಟ್ಟೆಯನ್ನು ನೋಡಿರಿ. ಅಲ್ಲಿ ದಲಾಲಿ ಇಷ್ಟೆಂದು ಚೀಟಿಯಲ್ಲಿ ಬರೆಯುತ್ತಾರೆ, ನಿನ್ನೆಯ ಧಾರಣೆ ರೈತನಿಗೂ ಗೊತ್ತಿರುತ್ತದೆ. ಕಲ್ಲಿನ ವ್ಯವಹಾರ ಮಾತ್ರ ಕತ್ತಲಲ್ಲಿ, ಅವಸರದಲ್ಲಿ, ಮಾರುವವನ ಭಯದ ಮೇಲೆ ನಡೆಯುತ್ತದೆ. ತೂಕ ಎಷ್ಟು ಕ್ಯಾರೆಟ್ ಎಂದೂ ಆತನಿಗೆ ತಿಳಿಯದು. ಒಂದು ಗ್ರಾಮಿಗೆ 5 ಕ್ಯಾರೆಟ್ ಎಂಬ ಸಣ್ಣ ಲೆಕ್ಕವನ್ನೂ ಹೇಳುವವರಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಕಲ್ಲು ಯಾವುದು, ತೂಕವೆಷ್ಟು ಎಂಬೆರಡನ್ನು ಮಾರುವವನಿಗೆ ಹೇಳಿದ ಮೇಲೆ ಕೊಳ್ಳುವವನು ಪಡೆಯುವ ಲಾಭ ನ್ಯಾಯವಾದದ್ದು. ಹೇಳದೆ ಪಡೆದದ್ದು ದಾಸೋಹಕ್ಕೆ ಬಂದರೂ ಮಠಕ್ಕೆ ಭೂಷಣವಲ್ಲ.

ಇನ್ನು ಹೊಲದ ಒಡೆಯರಿಗೆ ಒಂದು ಮಾತು. ಕಳೆ ತೆಗೆಯಲು ಬಂದ ಹೆಣ್ಣುಮಗಳ ಕೈಗೆ ಕಲ್ಲು ಸಿಕ್ಕಿದರೆ, ಕೊಟ್ಟ ಕೂಲಿ ಕಳೆಗೆ ಮಾತ್ರವೋ, ಕಲ್ಲಿಗೂ ಸೇರಿಯೋ? ಕಾನೂನಿನ ಮಾತು ವಕೀಲರಿಗಿರಲಿ. ಭೂಮಿ ನಿಮ್ಮದು, ಕಣ್ಣು ಆಕೆಯದು. ಆಕೆಗೂ ಪಾಲುಂಟೆಂದೇ ನಮ್ಮ ಭಾವನೆ. ಅದು ಎಷ್ಟೆಂಬುದನ್ನು ಬಿತ್ತನೆಗೆ ಮುಂಚೆಯೇ, ಕಲ್ಲು ಇನ್ನೂ ಮಣ್ಣಿನಲ್ಲಿರುವಾಗಲೇ ನಾಲ್ಕು ಜನರೆದುರು ಮಾತಾಡಿಕೊಳ್ಳಿರಿ. ಸಿಕ್ಕ ಮೇಲೆ ಮಾತಾಡುವುದು ಬಲು ಕಷ್ಟ.